ದೋಣಿಯ ತೂಕ, ವಾಹನದ ಅಂಕಿ: ಅಮೆರಿಕದ ಬಳಸಿದ ವಾಹನಗಳ ಎಳೆಯುವ ಸಾಮರ್ಥ್ಯವನ್ನು ಕುರಿತು ಒಂದು ಟಿಪ್ಪಣಿ

ಅಮೆರಿಕದಲ್ಲಿ ಹೆಚ್ಚು ದೋಣಿಗಳು ನೋಂದಣಿಯಾಗಿರುವ ರಾಜ್ಯಗಳ ಸಾಲಿನಲ್ಲಿ ಫ್ಲಾರಿಡಾ, ಮಿಷಿಗನ್, ಮಿನೆಸೋಟಗಳು ಮುಂದಿವೆ. ಅಲ್ಲಿನ ಮಧ್ಯಮ ವರ್ಗದ ಕುಟುಂಬಗಳು ದೋಣಿಯನ್ನು ಟ್ರೇಲರ್ ಮೇಲೆ ಮನೆಯಂಗಳದಲ್ಲೇ ಇಟ್ಟುಕೊಂಡು, ಬೇಸಿಗೆಯ ವಾರಾಂತ್ಯಗಳಲ್ಲಿ ಸ್ವಂತ ವಾಹನಕ್ಕೆ ಕಟ್ಟಿ ಸರೋವರಕ್ಕೆ ಒಯ್ಯುವುದು ವಾಡಿಕೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಊರಿನಲ್ಲಿ ಕಾರಿನ ಹಿಂದೆ ಟ್ರೇಲರ್ ಕಟ್ಟಿ ಅಭ್ಯಾಸವಿರುವುದಿಲ್ಲ. ಹೀಗಾಗಿ ದೋಣಿ ಎಳೆಯಲು ಹಳೆಯ ವಾಹನವೊಂದನ್ನು ಹುಡುಕುವಾಗ ಜಾಹೀರಾತಿನಲ್ಲಿ ಕಾಣುವ ‘5,000 ಪೌಂಡ್ ಎಳೆಯುತ್ತದೆ’ ಎಂಬ ಮಾತೇ ಅವರಿಗೆ ಮುಖ್ಯ ಆಧಾರವಾಗುತ್ತದೆ. ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಹತ್ತು ಹದಿನೈದು ವರ್ಷ ಓಡಿದ ವಾಹನಕ್ಕೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಪರಿಶೀಲನೆಯನ್ನು ಸುಮಾರು 18 ಅಡಿಯ ಕುಟುಂಬದ ದೋಣಿ ಮತ್ತು ಅದನ್ನು ಎಳೆಯಬಲ್ಲ ಖಾಸಗಿ ವಾಹನಗಳಿಗೆ ಸೀಮಿತಗೊಳಿಸಿದೆ.

1. ದೋಣಿಯ ನಿಜವಾದ ತೂಕ

ದೋಣಿಯ ಕಂಪನಿ ಪ್ರಕಟಿಸುವುದು ‘ಒಣ ತೂಕ’. ಅದರಲ್ಲಿ ಇಂಧನ, ಬ್ಯಾಟರಿ, ಲಂಗರು, ಸಾಮಾನು ಸೇರುವುದಿಲ್ಲ. ಹೊರಗಡೆ ಜೋಡಿಸುವ ಎಂಜಿನ್ ಆಗಿದ್ದರೆ ಎಷ್ಟೋ ಸಲ ಅದೂ ಸೇರಿರುವುದಿಲ್ಲ. ಟ್ರೇಲರಿನ ತೂಕವಂತೂ ಬೇರೆಯೇ. ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು: ಒಡಲು 2,000 ಪೌಂಡ್, 115 ಅಶ್ವಶಕ್ತಿಯ ಎಂಜಿನ್ 370, ಗ್ಯಾಲನ್ನಿಗೆ ಸುಮಾರು 6 ಪೌಂಡಿನಂತೆ 30 ಗ್ಯಾಲನ್ ಪೆಟ್ರೋಲ್ 180, ಎರಡು ಬ್ಯಾಟರಿ 100, ಲಂಗರು, ಹಗ್ಗ, ಜೀವರಕ್ಷಕ ಜಾಕೆಟ್, ಐಸ್ ಪೆಟ್ಟಿಗೆ ಇತ್ಯಾದಿ 250, ಟ್ರೇಲರ್ 900. ಒಟ್ಟು 3,800 ಪೌಂಡ್, ಅಂದರೆ ಸುಮಾರು 1,720 ಕಿಲೋ. ಕೈಪಿಡಿಯಲ್ಲಿ 2,000 ಪೌಂಡ್ ಎಂದಿದ್ದ ದೋಣಿ ರಸ್ತೆಗೆ ಇಳಿಯುವ ಹೊತ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ.

ಅಂದಾಜಿಗಿಂತ ತೂಗಿ ನೋಡುವುದು ಉತ್ತಮ. ಹೆದ್ದಾರಿ ಬದಿಯ ಲಾರಿ ನಿಲ್ದಾಣಗಳಲ್ಲಿರುವ ಕ್ಯಾಟ್ ತೂಕಕಟ್ಟೆಗಳು ಆಕ್ಸಲ್‌ಗಳ ಭಾರವನ್ನು ಬೇರೆಬೇರೆಯಾಗಿ ತೋರಿಸುತ್ತವೆ. ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಬಿಚ್ಚಿ ಒಮ್ಮೆ ತೂಗಿದರೆ ವಾಹನದ ಆಕ್ಸಲ್‌ಗಳ ಮೇಲಿನ ವ್ಯತ್ಯಾಸವೇ ಟ್ರೇಲರಿನ ಮೂಕಿ ವಾಹನದ ಮೇಲೆ ಹೇರುವ ಭಾರ. ವಾಹನ ಇನ್ನೂ ಕೊಂಡಿರದಿದ್ದರೆ ಪರಿಚಿತರ ಪಿಕಪ್‌ನಲ್ಲಿ ದೋಣಿಯನ್ನು ಒಯ್ದು ತೂಗಿಸಬಹುದು.

2. ಅಂಕಿ ಹುಟ್ಟುವ ಬಗೆ

ಎಳೆಯುವ ಸಾಮರ್ಥ್ಯವನ್ನು ಅಳೆಯಲು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡವನ್ನು ಪ್ರಕಟಿಸಿತು. ಅದಕ್ಕೂ ಮೊದಲು ಪ್ರತಿ ಕಂಪನಿಯೂ ತನ್ನದೇ ವಿಧಾನದಿಂದ ಅಂಕಿ ಕಟ್ಟುತ್ತಿತ್ತು. ಹೊಸ ಮಾನದಂಡವನ್ನು 2011ರ ಮಾದರಿಗಳಿಂದ ಮೊದಲು ಒಪ್ಪಿಕೊಂಡದ್ದು ಟೊಯೋಟಾ. ಆಗ ಅದರ ಟಂಡ್ರಾ ಪಿಕಪ್‌ನ ಪ್ರಕಟಿತ ಸಾಮರ್ಥ್ಯ ಇಳಿಯಿತು, ವಾಹನ ಮಾತ್ರ ಇದ್ದಂತೆಯೇ ಇತ್ತು. ಫೋರ್ಡ್, ಜಿಎಂ, ರ‍್ಯಾಮ್ ಕಂಪನಿಗಳ ಅರ್ಧ ಟನ್ ವರ್ಗದ ಪಿಕಪ್‌ಗಳು 2015ರ ಮಾದರಿಯ ಹೊತ್ತಿಗೆ ಈ ದಾರಿಗೆ ಬಂದವು. ಆದ್ದರಿಂದ 2006ರ ವಾಹನದ ಅಂಕಿಯನ್ನೂ 2016ರ ವಾಹನದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಎರಡು ಅಳತೆಗೋಲುಗಳನ್ನು ಬೆರೆಸಿದಂತೆ.

ಮಾನದಂಡದ ಪರೀಕ್ಷೆಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಮೊದಲನೆಯದು ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರು. 11.4 ಮೈಲಿಯಲ್ಲಿ ಸುಮಾರು 3,000 ಅಡಿ ಏರುವ ಈ ದಾರಿಯಲ್ಲಿ, ಬಿಸಿಲಿನಲ್ಲಿ ಎಸಿಯನ್ನು ಪೂರ್ತಿ ಹಾಕಿಕೊಂಡು, ಸಾಮಾನ್ಯ ಪಿಕಪ್ ಮತ್ತು ಎಸ್‌ಯುವಿಗಳು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಎರಡನೆಯದು ಶೇಕಡ 12ರ ಇಳಿಜಾರಿನಲ್ಲಿ ನಿಂತಲ್ಲಿಂದ ಮುಂದಕ್ಕೂ ಹಿಂದಕ್ಕೂ ಹೊರಡುವ ಪರೀಕ್ಷೆ. ಐದು ನಿಮಿಷದಲ್ಲಿ ಐದು ಸಲ ಹೊರಡಬೇಕು. ಇವೆರಡರ ಹಿಂದೆಯೂ ಒಂದು ಎಣಿಕೆಯಿದೆ: ವಾಹನದಲ್ಲಿ ಇರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಮಕ್ಕಳು ಮರಿ, ಅಜ್ಜಿ ತಾತ, ಊಟದ ಬುಟ್ಟಿ ಆ ಎಣಿಕೆಯಲ್ಲಿ ಇಲ್ಲ.

ಎಳೆಯುವ ವಸ್ತುವಿನ ಆಕಾರವೂ ಅಂಕಿಯನ್ನು ಬದಲಿಸುತ್ತದೆ. ಹೋಂಡಾ ತನ್ನ ಮೊದಲ ಪೀಳಿಗೆಯ ಪೈಲಟ್‌ಗೆ ದೋಣಿಯಾದರೆ 4,500 ಪೌಂಡ್, ಇತರ ಟ್ರೇಲರ್ ಆದರೆ 3,500 ಪೌಂಡ್ ಎಂದು ಎರಡು ಮಿತಿ ಕೊಟ್ಟಿತ್ತು. ದೋಣಿ ತಗ್ಗಾಗಿ, ಚೂಪು ಮೂತಿಯದಾಗಿ ಇರುವುದರಿಂದ ಗಾಳಿಗೆ ಎದುರಾಗುವ ಮೈ ಕಡಿಮೆ. ಹೆದ್ದಾರಿಯ ಮಟ್ಟಿಗೆ ದೋಣಿ ಹಗುರವಾದ ಜೊತೆಗಾರ ಎನ್ನಲು ಇದೊಂದು ಒಳ್ಳೆಯ ಆಧಾರ.

3. ಬಾಗಿಲ ಕಂಬದ ಚೀಟಿ

ಎಳೆಯುವ ಮಿತಿಗಿಂತ ಮೊದಲು ಮುಗಿಯುವುದು ಹೊರುವ ಮಿತಿ. ಇದು ಈ ಟಿಪ್ಪಣಿಯ ಮುಖ್ಯ ವಾದ. 2006ರ ಮಾದರಿಯಿಂದೀಚಿನ ವಾಹನಗಳಲ್ಲಿ ಚಾಲಕನ ಬಾಗಿಲ ಕಂಬದ ಮೇಲೆ, ಟೈರಿನ ಗಾಳಿಯ ವಿವರದ ಜೊತೆಗೆ, ಪ್ರಯಾಣಿಕರೂ ಸಾಮಾನೂ ಸೇರಿ ಎಷ್ಟು ಭಾರ ಮೀರಬಾರದು ಎಂದು ಅಚ್ಚಾಗಿರುತ್ತದೆ. ಜಾಹೀರಾತಿನ ಅಂಕಿ ಇಡೀ ಮಾದರಿಗೆ ಸೇರಿದ್ದು. ಈ ಚೀಟಿಯ ಅಂಕಿ ಎದುರಿಗೆ ನಿಂತಿರುವ ಆ ಒಂದೇ ವಾಹನದ್ದು. ಟ್ರೇಲರಿನ ಮೂಕಿಭಾರವೂ ಇದರೊಳಗೇ ಲೆಕ್ಕವಾಗಬೇಕು.

ಮೂಕಿಭಾರ ಸಾಮಾನ್ಯ ಟ್ರೇಲರಿಗೆ ಒಟ್ಟು ತೂಕದ ಶೇಕಡ 10ರಿಂದ 15 ಇರಬೇಕೆಂಬುದು ರೂಢಿ; ದೋಣಿಯ ಟ್ರೇಲರಿಗೆ ಇನ್ನೂ ಕಡಿಮೆ ಸಾಕೆಂದು ಹೇಳುವವರುಂಟು. ಹಿಂಭಾರವಾದ ಎತ್ತಿನ ಗಾಡಿಯಲ್ಲಿ ನೊಗ ಮೇಲಕ್ಕೆ ಎಗರುವುದನ್ನು ನಮ್ಮ ರೈತರು ಬಲ್ಲರು. ಇಲ್ಲಿಯೂ ಮೂಕಿ ತೀರ ಹಗುರಾದರೆ ಟ್ರೇಲರ್ ವೇಗದಲ್ಲಿ ಅಕ್ಕಪಕ್ಕ ತೂರಾಡತೊಡಗುತ್ತದೆ. ಆದ್ದರಿಂದ ಭಾರ ಉಳಿಸುವ ನೆಪದಲ್ಲಿ ಮೂಕಿಯನ್ನು ಬರಿದು ಮಾಡುವಂತಿಲ್ಲ.

ಮೇಲಿನ ಕಲ್ಪಿತ ದೋಣಿಯನ್ನೇ 5,000 ಪೌಂಡ್ ಎಳೆಯುವ, 1,200 ಪೌಂಡ್ ಹೊರುವ ವಾಹನವೊಂದಕ್ಕೆ ಕಟ್ಟೋಣ. ತಲಾ 160 ಪೌಂಡಿನ ಐವರು 800, ಟ್ರೇಲರ್ ಸಿಕ್ಕಿಸುವ ಕೊಂಡಿ (ಹಿಚ್) ಮತ್ತು ಅದರ ಗುಂಡು 60, ಡಿಕ್ಕಿಯ ಸಾಮಾನು 150, ಶೇಕಡ 10ರಂತೆ ಮೂಕಿಭಾರ 380: ಒಟ್ಟು 1,390. ಮಿತಿಗಿಂತ 190 ಪೌಂಡ್ ಹೆಚ್ಚು. ಮೂಕಿಭಾರವನ್ನು ಶೇಕಡ 7ಕ್ಕೆ ಇಳಿಸಿದರೂ ಮೊತ್ತ 1,276. ಎಳೆಯುವ ಸಾಮರ್ಥ್ಯದಲ್ಲಿ 1,200 ಪೌಂಡ್ ಉಳಿದಿದ್ದರೂ ವಾಹನ ಅನರ್ಹವಾಯಿತು. ಐವರ ಬದಲು ಮೂವರು ಕೂತರೆ ಅದೇ ವಾಹನ ಅರ್ಹವಾಗುತ್ತದೆ. ಕೊಳ್ಳುವವರು ತಮ್ಮ ಮನೆಯವರ ಸಂಖ್ಯೆಯನ್ನು ಮೊದಲೇ ಈ ಲೆಕ್ಕಕ್ಕೆ ಸೇರಿಸಬೇಕಾದ ಕಾರಣ ಇದು.

4. ಹಿಚ್ ಇದ್ದ ಮಾತ್ರಕ್ಕೆ ಸಜ್ಜು ಇದೆಯೆಂದಲ್ಲ

ಬಳಸಿದ ವಾಹನದ ಹಿಂದೆ ಹಿಚ್ ಕಂಡರೆ ಅದು ಎಳೆಯಲು ಸಿದ್ಧವೆಂದು ತಿಳಿಯುವುದು ಸಾಮಾನ್ಯ. ಹಿಚ್ ಅನ್ನು ಯಾವ ಅಂಗಡಿಯಲ್ಲಾದರೂ ಬೋಲ್ಟ್ ಹಾಕಿ ಕೂರಿಸಬಹುದು. ಕಾರ್ಖಾನೆಯ ಟೋಯಿಂಗ್ ಪ್ಯಾಕೇಜ್‌ನಲ್ಲಿ ಬರುವ ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್, ದೊಡ್ಡ ರೇಡಿಯೇಟರ್, ವೈರಿಂಗ್ ಅದರೊಂದಿಗೆ ಬರುವುದಿಲ್ಲ. ವ್ಯತ್ಯಾಸ ಸಣ್ಣದೇನಲ್ಲ. 2011ರಲ್ಲಿ ಹೊಸ ರೂಪ ತಳೆದ ಫೋರ್ಡ್ ಎಕ್ಸ್‌ಪ್ಲೋರರ್‌ನ ವಿ6 ಎಂಜಿನ್ ಮಾದರಿ ಪ್ಯಾಕೇಜ್ ಇದ್ದರೆ 5,000 ಪೌಂಡ್ ಎಳೆಯುತ್ತದೆ, ಇಲ್ಲದಿದ್ದರೆ 2,000. ಜಿಎಂ ವಾಹನಗಳಲ್ಲಿ ಗ್ಲೋವ್ ಬಾಕ್ಸ್‌ನೊಳಗಿನ ಚೀಟಿಯಲ್ಲಿ ‘ಝಡ್82’ ಎಂಬ ಸಂಕೇತ ಇದ್ದರೆ ಕಾರ್ಖಾನೆಯ ಸಜ್ಜು ಇದೆಯೆಂದು ಅರ್ಥ. ಉಳಿದ ಕಂಪನಿಗಳ ವಾಹನವಾದರೆ ಚಾಸಿ ಸಂಖ್ಯೆ ಕೊಟ್ಟು ಡೀಲರರಲ್ಲಿ ವಿಚಾರಿಸಬಹುದು.

ಪಿಕಪ್‌ಗಳಲ್ಲಿ ಆಕ್ಸಲ್ ಅನುಪಾತವೂ ನಿರ್ಣಾಯಕ. 2015ರ ಫೋರ್ಡ್ ಎಫ್-150ರ ಗರಿಷ್ಠ ಸಾಮರ್ಥ್ಯ 12,200 ಪೌಂಡ್ ಎಂಬುದು ಪ್ರಸಿದ್ಧ. ಅದು ಒಂದು ನಿರ್ದಿಷ್ಟ ಎಂಜಿನ್, ಆಕ್ಸಲ್, ಪ್ಯಾಕೇಜ್‌ಗಳ ಜೋಡಣೆಗೆ ಮಾತ್ರ ಸಲ್ಲುತ್ತದೆ. ಅದೇ ಹೆಸರಿನ ಸಾದಾ ಪಿಕಪ್ ಅದರ ಅರ್ಧಕ್ಕೂ ಕಡಿಮೆ ಎಳೆಯಬಹುದು.

ಇನ್ನೊಂದು ವಿವರ ದೋಣಿಗೇ ವಿಶಿಷ್ಟವಾದದ್ದು. ನೀರಿಗಿಳಿಯುವುದರಿಂದ ದೋಣಿ ಟ್ರೇಲರಿಗೆ ಸಾಮಾನ್ಯವಾಗಿ ವಿದ್ಯುತ್ ಬ್ರೇಕ್ ಬದಲು, ಟ್ರೇಲರ್ ಮುಂದಕ್ಕೆ ಒತ್ತಿದಾಗ ತಾನಾಗಿ ಹಿಡಿಯುವ ಸರ್ಜ್ ಬ್ರೇಕ್ ಇರುತ್ತದೆ. ಡಿಸ್ಕ್ ಮಾದರಿಯದಾದರೆ ರಿವರ್ಸ್ ತೆಗೆಯುವಾಗಲೂ ಅದು ಹಿಡಿದುಕೊಳ್ಳುತ್ತದೆ. ಬಿಡಿಸಲು ರಿವರ್ಸ್ ದೀಪದ ಸಂಕೇತ ಒಯ್ಯುವ ಐದನೆಯ ತಂತಿ ಬೇಕು. ನಾಲ್ಕು ತಂತಿಯ ಪ್ಲಗ್ ಮಾತ್ರ ಇರುವ ವಾಹನಕ್ಕೆ ಈ ಖರ್ಚನ್ನು ಸೇರಿಸಿಕೊಳ್ಳಬೇಕು. ಎಷ್ಟು ತೂಕದ ಟ್ರೇಲರಿಗೆ ಬ್ರೇಕ್ ಕಡ್ಡಾಯ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ: ಹಲವು ಕಡೆ 3,000 ಪೌಂಡ್, ಕ್ಯಾಲಿಫೋರ್ನಿಯಾದಲ್ಲಿ 1,500.

5. ದೋಣಿ ಇಳಿಸುವ ಇಳಿಜಾರು

ಹೆದ್ದಾರಿಯಲ್ಲಿ ದೋಣಿಗೆ ಸಿಗುವ ರಿಯಾಯಿತಿಯನ್ನು ನೀರಿನ ದಂಡೆ ವಾಪಸು ಪಡೆಯುತ್ತದೆ. ದೋಣಿ ಇಳಿಸುವ ಕಟ್ಟೆಗಳ ಇಳಿಜಾರು ಸಾಮಾನ್ಯವಾಗಿ ಶೇಕಡ 12ರಿಂದ 15. ಮಾನದಂಡದ ಪರೀಕ್ಷೆಯ ಇಳಿಜಾರಿನಷ್ಟೇ ಅಥವಾ ಅದಕ್ಕಿಂತ ಕಡಿದು, ಮೇಲೆ ಪಾಚಿ ಮತ್ತು ನೀರು. ಮೇಲಕ್ಕೆ ಎಳೆಯುವಾಗ ಇಳಿಜಾರೂ ಮೂಕಿಭಾರವೂ ಸೇರಿ ಮುಂದಿನ ಚಕ್ರಗಳ ಮೇಲಿನ ಒತ್ತಡವನ್ನು ಕಡಿಮೆ ಮಾಡುತ್ತವೆ. ಮುಂಚಕ್ರ ಚಾಲನೆಯ ವಾಹನ ಜಾರುವುದು ಈ ಕಾರಣದಿಂದ. ನಾಲ್ಕು ಚಕ್ರ ಚಾಲನೆ, ಅದರಲ್ಲೂ ಲೋ ಗೇರ್ ಇರುವ ವಾಹನ, ಇಲ್ಲಿ ತನ್ನ ಬೆಲೆಯನ್ನು ಸಾಬೀತುಪಡಿಸುತ್ತದೆ. ವರ್ಷಕ್ಕೆರಡು ಸಲ ಮಾತ್ರ ದೋಣಿ ಇಳಿಸುವವರಿಗೆ ಇದು ಅನಿವಾರ್ಯವಲ್ಲ.

6. ತುಕ್ಕು ಮತ್ತು ದಾಖಲೆ

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ವಾಹನದ ಆಯುಷ್ಯವನ್ನು ಎಂಜಿನ್‌ಗಿಂತ ಚಾಸಿ ನಿರ್ಧರಿಸುತ್ತದೆ. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ಕೂಡ ಟಕೋಮಾ, ಟಂಡ್ರಾ, ಸಿಕ್ವೊಯಾಗಳ ಕೆಲವು ವರ್ಷಗಳ ಮಾದರಿಗಳ ಚಾಸಿ ತುಕ್ಕಿನ ಮೊಕದ್ದಮೆಯಲ್ಲಿ 2016ರಲ್ಲಿ ರಾಜಿಗೆ ಒಪ್ಪಬೇಕಾಯಿತು; ಅದರ ಅಂದಾಜು ಮೊತ್ತ 340 ಕೋಟಿ ಡಾಲರ್‌ವರೆಗೆ. ಜಿಎಂನ 1999ರಿಂದ 2003ರ ಪಿಕಪ್ ಮತ್ತು ಎಸ್‌ಯುವಿಗಳ ಬ್ರೇಕ್ ಪೈಪುಗಳ ತುಕ್ಕನ್ನು ಸಂಯುಕ್ತ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ತನಿಖೆ ಮಾಡಿ, 2015ರಲ್ಲಿ ರಿಕಾಲ್ ಆದೇಶಿಸದೆ ಎಚ್ಚರಿಕೆಯೊಂದಿಗೆ ಮುಗಿಸಿತು. ಹಿಚ್ ಕೂರುವುದು ಚಾಸಿಗೇ ಆದ್ದರಿಂದ, ವಾಹನವನ್ನು ಲಿಫ್ಟ್ ಮೇಲೆತ್ತಿಸಿ ಸುತ್ತಿಗೆಯಿಂದ ತಟ್ಟಿ ನೋಡದೆ ಕೊಳ್ಳಬಾರದು. ಸಮುದ್ರದ ನೀರಿಗೆ ದೋಣಿ ಇಳಿಸಿದ ವಾಹನಕ್ಕೂ ಇದೇ ಮಾತು.

ದಾಖಲೆಯ ಮಟ್ಟಿಗೆ: ರಿಕಾಲ್ ಬಾಕಿ ಇದೆಯೇ ಎಂಬುದನ್ನು ಅದೇ ಸುರಕ್ಷತಾ ಸಂಸ್ಥೆಯಲ್ಲಿ ಚಾಸಿ ಸಂಖ್ಯೆಯಿಂದ ಉಚಿತವಾಗಿ ತಿಳಿಯಬಹುದು. ಅಪಘಾತದಲ್ಲಿ ಗುಜರಿಗೆ ಸೇರಿದ್ದ, ಪ್ರವಾಹದಲ್ಲಿ ಮುಳುಗಿದ್ದ ವಾಹನ ಬೇರೊಂದು ರಾಜ್ಯದಲ್ಲಿ ಸ್ವಚ್ಛ ಪತ್ರದೊಂದಿಗೆ ಬರುವುದುಂಟು. ನ್ಯಾಯ ಇಲಾಖೆಯ ಮೇಲ್ವಿಚಾರಣೆಯ ರಾಷ್ಟ್ರೀಯ ವಾಹನ ಹಕ್ಕುಪತ್ರ ದತ್ತಾಂಶದ ವರದಿಯನ್ನು ಅಲ್ಪ ಶುಲ್ಕಕ್ಕೆ ತರಿಸಿ ನೋಡುವುದು ಲೇಸು.

7. ಕೆಲವು ವಾಹನಗಳ ತುಲನೆ

ಟೊಯೋಟಾ ಸಿಯೆನ್ನಾ, ಹೋಂಡಾ ಒಡಿಸ್ಸಿಯಂಥ ಮಿನಿವ್ಯಾನ್‌ಗಳ ಮಿತಿ 3,500 ಪೌಂಡ್. ಮೀನು ಹಿಡಿಯುವ ಸಣ್ಣ ಅಲ್ಯೂಮಿನಿಯಂ ದೋಣಿಗೆ ಸಾಕು. ನಮ್ಮ ಉದಾಹರಣೆಯ ದೋಣಿಗೆ ಸಾಲದು.

2008ರ ನಂತರದ ಟೊಯೋಟಾ ಹೈಲ್ಯಾಂಡರ್ ವಿ6 ಪ್ಯಾಕೇಜ್ ಸಹಿತ 5,000 ಪೌಂಡ್ ಎಳೆಯುತ್ತದೆ. ಪ್ರಯಾಣಿಕರು ಕಡಿಮೆಯಿದ್ದು, ದಾರಿ ಸಮತಟ್ಟಾಗಿದ್ದರೆ ಒಪ್ಪಬಹುದಾದ ಆಯ್ಕೆ. ಮೇಲೆ ಹೇಳಿದ ಎಕ್ಸ್‌ಪ್ಲೋರರ್‌ನ ವಿ6 ಎಂಜಿನ್‌ನಲ್ಲಿ ವಾಟರ್ ಪಂಪ್ ಎಂಜಿನ್ನಿನೊಳಗೇ ಇದೆ. ಸೋರಿದರೆ ಕೂಲೆಂಟ್ ಆಯಿಲ್‌ಗೆ ಬೆರೆಯುವ ಅಪಾಯವಿದ್ದು, ದುರಸ್ತಿ ದುಬಾರಿ. 2005ರಿಂದ 2010ರ ನಿಸಾನ್ ಪಾಥ್‌ಫೈಂಡರ್ ಅಗ್ಗವಾಗಿ ಸಿಗುತ್ತದೆ, ಆದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಟ್ರಾನ್ಸ್‌ಮಿಷನ್ ಆಯಿಲ್‌ಗೆ ಕೂಲೆಂಟ್ ಸೇರಿದ ಪ್ರಕರಣಗಳು ಹೆಸರಾಗಿವೆ. ರೇಡಿಯೇಟರ್ ಬದಲಾದ ರಸೀದಿ ಇಲ್ಲದೆ ಮುಂದುವರಿಯಬಾರದು.

2003ರಿಂದ 2009ರ ವಿ8 ಎಂಜಿನ್ನಿನ ಟೊಯೋಟಾ 4ರನ್ನರ್ ಸುಮಾರು 7,000 ಪೌಂಡ್ ಎಳೆಯುತ್ತದೆ. ಆದರೆ ಹಳತಾದರೂ ಬೆಲೆ ಇಳಿಯದಿರುವುದು ಇದರ ಹೆಸರಿಗೆ ಅಂಟಿದ ಗುಣ. ಅದೇ ಹಣಕ್ಕೆ 2000ದಿಂದ 2006ರ ಷೆವ್ರೊಲೆ ಟಾಹೋ ಹೆಚ್ಚು ಹೊರುತ್ತದೆ. 2007ರ ಮಾದರಿಯಿಂದ ಜಿಎಂ ಟಾಹೋಗೆ ಅಳವಡಿಸಿದ, ಕೆಲವು ಸಿಲಿಂಡರುಗಳನ್ನು ನಿಲ್ಲಿಸಿ ಇಂಧನ ಉಳಿಸುವ ವ್ಯವಸ್ಥೆ ಮತ್ತು ಅದರಿಂದ ಲಿಫ್ಟರುಗಳಿಗೆ ಬಂದ ತೊಂದರೆ ಈ ಹಳೆಯ 5.3 ಲೀಟರ್ ಎಂಜಿನ್‌ಗಳಿಗೆ ಇಲ್ಲ. ಎಫ್-150ರಲ್ಲಿ 2004ರಿಂದ 2008ರವರೆಗಿನ 5.4 ಲೀಟರ್ ಎಂಜಿನ್ ಮುರಿಯುವ ಸ್ಪಾರ್ಕ್ ಪ್ಲಗ್‌ಗಳಿಗೂ ಕ್ಯಾಮ್ ಫೇಸರ್ ದೋಷಕ್ಕೂ ಕುಖ್ಯಾತ. ಅಗ್ಗದ ಬೆಲೆಯಲ್ಲಿ ಆ ದುರಸ್ತಿಯ ಪಾಲು ಅಡಗಿರುತ್ತದೆ.

8. ನಿರ್ಣಯ

ಮೇಲಿನ ಪರಿಶೀಲನೆಯಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ದೋಣಿಯನ್ನು ತೂಗಬೇಕು. ಎರಡನೆಯದಾಗಿ ಮನೆಮಂದಿಯನ್ನೂ ಮೂಕಿಭಾರವನ್ನೂ ಕೂಡಿಸಿ ವಾಹನದ ಹೊರುವ ಮಿತಿಯೊಡನೆ ಹೋಲಿಸಬೇಕು. ಮೂರನೆಯದಾಗಿ ಕಾರ್ಖಾನೆಯ ಪ್ಯಾಕೇಜ್ ಖಚಿತಪಡಿಸಿಕೊಳ್ಳಬೇಕು. ನಾಲ್ಕನೆಯದಾಗಿ ಚಾಸಿ, ಬ್ರೇಕ್ ಪೈಪು, ದಾಖಲೆ ನೋಡಬೇಕು. ಜಾಹೀರಾತಿನ ಎಳೆಯುವ ಸಾಮರ್ಥ್ಯಕ್ಕೆ ಇವೆಲ್ಲದರ ನಂತರದ ಸ್ಥಾನ.

3,800 ಪೌಂಡಿನ ದೋಣಿ, ನಾಲ್ಕೈದು ಜನರ ಕುಟುಂಬ, ಮಿತವಾದ ಹಣ ಎಂಬ ಸ್ಥಿತಿಗೆ, ಉಪ್ಪು ಕಾಣದ ದಕ್ಷಿಣ ಅಥವಾ ಪಶ್ಚಿಮದ ರಾಜ್ಯದಿಂದ ಬಂದ, ಪ್ಯಾಕೇಜ್ ಸಹಿತವಾದ 2000ದಿಂದ 2006ರ ಟಾಹೋ ಈ ಅಧ್ಯಯನದ ಮೊದಲ ಆಯ್ಕೆ. ಹೆಚ್ಚು ಇಂಧನ ಕುಡಿಯುತ್ತದೆಂಬುದು ನಿಜ. ವಾರಾಂತ್ಯಕ್ಕೆ ಮಾತ್ರ ತೆಗೆಯುವ ವಾಹನಕ್ಕೆ ಅದು ದೊಡ್ಡ ಹೊರೆಯಾಗದು. ಇಬ್ಬರು ಮೂವರ ಕುಟುಂಬಕ್ಕೆ ಪ್ಯಾಕೇಜ್ ಇರುವ ಹೈಲ್ಯಾಂಡರ್ ಸಾಕು. ವಸಂತದಲ್ಲೊಮ್ಮೆ ಇಳಿಸಿ ಶರತ್ಕಾಲದಲ್ಲೊಮ್ಮೆ ಎತ್ತುವವರಾದರೆ, ದೋಣಿ ನಿಲ್ದಾಣದವರಿಗೇ ಸಾಗಣೆಯ ಹಣ ಕೊಟ್ಟು, ವಾಹನ ಕೊಳ್ಳುವ ಯೋಚನೆಯನ್ನು ಕೈಬಿಡುವುದು ಅಗ್ಗ.