ವಿಜ್ಞಾನ ಮಂದಿರಕ್ಕೆ ಬಂದ ಅತಿಥಿ

ಈಗಿನ ರಾಜಾಜಿನಗರದ ಉತ್ತರಕ್ಕೆ, ಯಶವಂತಪುರದ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಮಂದಿರವು ಜಮ್‌ಶೆಟ್‌ಜಿ ಟಾಟಾರವರ ದಾನದಿಂದಲೂ ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯಿಂದಲೂ 1909ರಲ್ಲಿ ಸ್ಥಾಪಿತವಾಯಿತು. ಜನರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದುಂಟು. 1933ರಲ್ಲಿ ಸರ್ ಸಿ. ವಿ. ರಾಮನ್ನರು ಅದರ ಮೊದಲ ಭಾರತೀಯ ನಿರ್ದೇಶಕರಾದರು.

ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಸರ್ಕಾರವು ಯೆಹೂದ್ಯ ವಿದ್ವಾಂಸರನ್ನು ಉದ್ಯೋಗಗಳಿಂದ ತೆಗೆದುಹಾಕಿತು. ಹಾಗೆ ನೆಲೆತಪ್ಪಿದವರಲ್ಲಿ ಗಟಿಂಗೆನ್ ನಗರದ ಭೌತವಿಜ್ಞಾನಿ ಮಾಕ್ಸ್ ಬಾರ್ನರೂ ಒಬ್ಬರು. ಅಲ್ಲಿ ತಿರಸ್ಕೃತವಾದ ವಿದ್ಯೆಗೆ ಇಲ್ಲಿ ಆದರವು ದೊರೆಯಿತು. ರಾಮನ್ನರ ಆಹ್ವಾನವನ್ನು ಮನ್ನಿಸಿ ಅವರು 1935ರಲ್ಲಿ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳ ಕಾಲ ಇದ್ದು ಉಪನ್ಯಾಸಗಳನ್ನು ಮಾಡಿದರು. ತರುಣ ವಿಜ್ಞಾನಿ ನಾಗೇಂದ್ರನಾಥರೊಡನೆ ಬೆಳಕಿನ ಸ್ವರೂಪವನ್ನು ಕುರಿತು ಅವರು ನಡೆಸಿದ ಸಂಶೋಧನೆಯು 1936ರಲ್ಲಿ, ರಾಮನ್ನರು ಎರಡು ವರ್ಷಗಳ ಹಿಂದೆ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಬಾರ್ನರಿಗೆ ಶಾಶ್ವತವಾದ ಪ್ರಾಧ್ಯಾಪಕ ಪದವಿಯನ್ನು ಕೊಡಿಸಬೇಕೆಂದು ರಾಮನ್ನರು ಮಾಡಿದ ಪ್ರಯತ್ನವು ಮಂದಿರದೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಅವರು 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದರು. ಮರುವರ್ಷ ರಾಮನ್ನರು ನಿರ್ದೇಶಕ ಪದವಿಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. 1954ರಲ್ಲಿ ಬಾರ್ನರಿಗೆ ನೊಬೆಲ್ ಪಾರಿತೋಷಕವು ಬಂದಿತು. ಆ ಕೀರ್ತಿಯಲ್ಲಿ ಬೆಂಗಳೂರಿಗೆ ಪಾಲಿರಲಿಲ್ಲ.

ವಿದ್ವಾಂಸನನ್ನು ಕರೆಯುವುದಕ್ಕೆ ಒಬ್ಬರ ಔದಾರ್ಯವು ಸಾಕು. ಉಳಿಸಿಕೊಳ್ಳುವುದಕ್ಕೆ ಸಂಸ್ಥೆಯೇ ಒಮ್ಮನಸ್ಸಾಗಬೇಕು.