ಹೊಸ ಕಂಪ್ಯೂಟರಿನೊಳಗೆ ಹಳೆ ಗದಗ

ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಮೊಳೆ ಜೋಡಿಸುವ ಕೆಲಸವನ್ನು ಕಂಪ್ಯೂಟರ್ ಕಸಿದುಕೊಂಡದ್ದೂ ಹೆಚ್ಚೂಕಡಿಮೆ ಅದೇ ಕಾಲದಲ್ಲಿ. ಬೆಟಗೇರಿ ನೇಕಾರಿಕೆಗೆ ಹೆಸರಾದರೆ ಗದಗ ಮುದ್ರಣಕ್ಕೆ ಹೆಸರಾದ ಊರು. ಹೀಗಾಗಿ ನಮ್ಮ ಜಿಲ್ಲೆಯ ಮೊದಲ ವರ್ಷಗಳ ಬರಹ ಬಹಳಷ್ಟು ಪೇಜ್‌ಮೇಕರ್ ಫೈಲುಗಳಲ್ಲಿದೆ. ಶಿರಹಟ್ಟಿ ಫಕೀರೇಶ್ವರ ಜಾತ್ರೆಯ ಆಮಂತ್ರಣ, ಲಕ್ಷ್ಮೇಶ್ವರದ ನಾಟಕದ ಹ್ಯಾಂಡ್‌ಬಿಲ್, ಊರ ವಾರಪತ್ರಿಕೆ ಎಲ್ಲವೂ ಅಂಥವೇ.

ಈಗ ಅವನ್ನು ತೆರೆಯಲು ಹೋದರೆ ತೊಡಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಡಿಟಿಪಿಯವರಲ್ಲಿ ಶ್ರೀಲಿಪಿಯೂ ಬಳಕೆಯಲ್ಲಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿಟ್ಟಿದ್ದವು. ಫಾಂಟು ಇಲ್ಲದಿದ್ದರೆ ಕಾಣುವುದು ಬರೀ ಅಡ್ಡಾದಿಡ್ಡಿ ಇಂಗ್ಲಿಷ್. 1991ರ ಯೂನಿಕೋಡ್‌ನಲ್ಲೇ ಕನ್ನಡ ಇತ್ತು, ಆದರೆ ಪೇಜ್‌ಮೇಕರ್ ಅದನ್ನು ಕಲಿಯಲೇ ಇಲ್ಲ. 2001ರ 7.0 ಅದರ ಕೊನೆಯ ಆವೃತ್ತಿ. ಅದು ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೂ 2014ರಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟಿತು.

ಇದಕ್ಕೆ ನಾವು ಕಂಡುಕೊಂಡ ದಾರಿ ವರ್ಚುವಲ್ ಮಷೀನ್, ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್. ಕಲ್ಪನೆ ಹೊಸದಲ್ಲ. ಕೋಣೆ ತುಂಬುವ ದುಬಾರಿ ಯಂತ್ರವನ್ನು ಹಲವರು ಹಂಚಿಕೊಳ್ಳಲೆಂದು ಐಬಿಎಂ 1960ರ ದಶಕದಲ್ಲೇ ಇದನ್ನು ಮಾಡಿತ್ತು. 1972ರಲ್ಲಿ ವಿಎಂ/370 ಎಂದು ಮಾರುಕಟ್ಟೆಗೆ ತಂದಿತು. ಮೇಜಿನ ಮೇಲಿನ ಕಂಪ್ಯೂಟರಿಗೆ ಇದನ್ನು ತಂದದ್ದು 1999ರ ವಿಎಂವೇರ್. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ.

ಹಾಕಿಕೊಳ್ಳುವುದು ಕಷ್ಟವಲ್ಲ. ಮೊದಲು ಬಯಾಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇದೆಯೇ ನೋಡಬೇಕು. ವರ್ಚುವಲ್‌ಬಾಕ್ಸ್ ಹಾಕಿ, ಹೊಸ ಮಷೀನ್ ಮಾಡಿ, ಎಕ್ಸ್‌ಪಿಗೆ 512 ಎಂಬಿ ರ‍್ಯಾಮ್, 10 ಜಿಬಿ ಡಿಸ್ಕ್ ಕೊಟ್ಟರೆ ಸಾಕು. ನಂತರ ಲೈಸೆನ್ಸ್ ಇರುವ ಹಳೆ ಸಿಡಿಯಿಂದ ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟು. ಗೆಸ್ಟ್ ಅಡಿಶನ್ಸ್ ಹಾಕಿದರೆ ಎರಡರ ನಡುವೆ ಒಂದು ಫೋಲ್ಡರ್ ಹಂಚಿಕೊಳ್ಳಬಹುದು. ಒಳಗಿನ ಎಕ್ಸ್‌ಪಿಗೆ ಇಂಟರ್ನೆಟ್ ಮಾತ್ರ ಕೊಡಬಾರದು, ಅದಕ್ಕೀಗ ಭದ್ರತೆಯ ಕಾವಲಿಲ್ಲ. ಎಲ್ಲ ಸರಿಹೋದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನೇ ಕೆಟ್ಟರೂ ಅಲ್ಲಿಗೇ ಮರಳಬಹುದು.

ಫೈಲು ತೆರೆದ ಮೇಲೂ ಕೆಲಸ ಉಳಿದಿರುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಎಡವುತ್ತವೆ. ಸಾಲು ಸಾಲಾಗಿ ಕಣ್ಣಾಡಿಸಲೇಬೇಕು.

ಇಷ್ಟು ತ್ರಾಸು ಯಾಕೆ? 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲವೆಂದು ರೈತರು ನಿಂತರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾದರು, ಸರ್ಕಾರ ಹಿಂದೆ ಸರಿಯಿತು. ದೊಡ್ಡ ಪತ್ರಿಕೆಗಳಲ್ಲಿ ಬಂದದ್ದು ಹೇಗೂ ಉಳಿಯುತ್ತದೆ. ಆದರೆ ಊರೂರಿಗೆ ಹಂಚುವ ಕರಪತ್ರ, ಸಭೆಯ ಕರೆಯೋಲೆಯನ್ನು ಯಾವ ಗ್ರಂಥಾಲಯವೂ ಕೇಳಿ ಪಡೆಯುವುದಿಲ್ಲ. ಜನ ತಮ್ಮ ಮಾತಿನಲ್ಲಿ ಏನು ಹೇಳಿದರು ಎಂಬುದು ಇರುವುದು ಅಂಥವುಗಳಲ್ಲೇ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಶಾಸನಗಳನ್ನು ನೂರಾರು ವರ್ಷಗಳ ಮೇಲೂ ಓದುತ್ತೇವೆ. ಇಪ್ಪತ್ತು ವರ್ಷದ ಹಿಂದಿನ ಕರಪತ್ರ ನಮಗೆ ಓದಲು ಬರದಂತಾಗಿದೆ.

ಹೀಗೆ ಕಟ್ಟಿದ ಇಡೀ ಹಳೆ ಕಂಪ್ಯೂಟರ್ ಕೆಲವೇ ಫೈಲುಗಳಾಗಿ ಒಂದು ಪೆನ್‌ಡ್ರೈವ್‌ನಲ್ಲಿ ಕೂಡುತ್ತದೆ. ತಾಲೂಕಿಗೊಂದು ಇದ್ದರೆ ಸಾಕು. ಡಿಟಿಪಿ ಅಂಗಡಿಯವರು ಮೂಲೆಯಲ್ಲಿಟ್ಟ ಹಳೆ ಸಿಪಿಯುವನ್ನು ಗುಜರಿಗೆ ಹಾಕುವ ಮುಂಚೆ ಅದರ ಹಾರ್ಡ್‌ಡಿಸ್ಕ್ ಬಿಚ್ಚಿಟ್ಟುಕೊಳ್ಳಲಿ. ತೆರೆಯುವ ಕೆಲಸಕ್ಕೆ ನಾವು ಬರುತ್ತೇವೆ.