ಮಂಡಕಳ್ಳಿಗೆ ಬಂದ ಮೊದಲ ವಿಮಾನ, ಕುಣಿಗಲ್ ಕುದುರೆ ಮತ್ತು ಒಬ್ಬ ಬಿ.ಕಾಂ. ಹುಡುಗ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತು ನಮ್ಮ ಮಂಡಕಳ್ಳಿಯಿಂದಲೇ ಶುರು ಮಾಡ್ತೀನಿ.

2010ರ ಅಕ್ಟೋಬರ್ 1ರಂದು ಇಲ್ಲಿನ ರನ್‌ವೇ ಮೇಲೆ ಕಿಂಗ್‌ಫಿಷರ್‌ನ ಒಂದು ಎಟಿಆರ್ ಇಳಿಯಿತು. ಹೊಸ ನಿಲ್ದಾಣಕ್ಕೆ ಅದೇ ಮೊದಲ ವಾಣಿಜ್ಯ ವಿಮಾನ. ವರ್ಷ ಚಿಲ್ಲರೆ ಕಳೆಯೋದ್ರಲ್ಲಿ ಆ ಸೇವೆ ನಿಂತೂ ಹೋಯ್ತು. ಆ ವಿಮಾನದ ಯಜಮಾನ ವಿಜಯ್ ಮಲ್ಯ ನನ್ನ ಹಾಗೇ ಬಿ.ಕಾಂ. ಓದಿದವರು, ಅವರದು ಕೊಲ್ಕತ್ತಾದ ಸೇಂಟ್ ಝೇವಿಯರ್ಸ್. ಅವರ ತಂದೆ, ಬಂಟ್ವಾಳ ಮೂಲದ ವಿಠಲ ಮಲ್ಯ, 1983ರಲ್ಲಿ ತೀರಿಕೊಂಡಾಗ ಯುಬಿ ಗ್ರೂಪಿನ ಕುರ್ಚಿ ಮಗನಿಗೆ ಬಂತು. ಆಗ ಅವರ ವಯಸ್ಸು ಹೆಚ್ಚು ಕಡಿಮೆ ಈಗ ನನ್ನದು. ನಾನಿನ್ನೂ ಮೈಕಿನ ಇಎಂಐ ಕಟ್ತಾ ಇದ್ದೀನಿ, ಬಿಡಿ.

ಬಿಯರ್ ಕಥೆ ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಕುದುರೆಯದು. 1992ರಲ್ಲಿ ಕುಣಿಗಲ್ ಸ್ಟಡ್ ಫಾರ್ಮನ್ನು ಯುಬಿ ಗ್ರೂಪ್ 30 ವರ್ಷಕ್ಕೆ ಗುತ್ತಿಗೆಗೆ ಪಡೆಯಿತು. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು, ನಾನೂರು ಎಕರೆಗೂ ಮೇಲೆ. ಹನ್ನೊಂದು ವರ್ಷದ ನಂತರ ಮಲ್ಯ ಲಂಡನ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯನ್ನೂ ಕೊಂಡರು. ಬೆಂಗಳೂರಿನ ಡರ್ಬಿಗೆ ಕಿಂಗ್‌ಫಿಷರ್ ಹೆಸರು ಬಂತು. ಸಿನಿ ಬ್ಲಿಟ್ಝ್ ಪತ್ರಿಕೆಯೂ ಅವರ ಕಂಪನಿಯ ಕೈಗೆ ಬಂತು. ಅವರ ಕ್ಯಾಲೆಂಡರಿಗೂ ಪ್ರತಿ ವರ್ಷ ಒಂದು ಗದ್ದಲ. ಕುದುರೆ, ಪತ್ರಿಕೆ, ಕ್ಯಾಲೆಂಡರ್, ಎಲ್ಲದರಲ್ಲೂ ಮಾರಾಟವಾಗ್ತಿದ್ದದ್ದು ಒಂದೇ ಹೆಸರು.

ಇಲ್ಲಿ ಒಂದು ನಿಮಿಷ ನಮ್ಮ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿಗೆ ಹೋಗೋಣ. ಅಲ್ಲಿನ ಟೋಟ್ ಹೇಗೆ ನಡೆಯುತ್ತೆ? ಎಲ್ಲರ ದುಡ್ಡೂ ಒಂದೇ ಹುಂಡಿಗೆ. ಕ್ಲಬ್ಬಿನ ಕಮಿಷನ್, ತೆರಿಗೆ ಕಳೆದು ಉಳಿದದ್ದು ಗೆದ್ದವರಿಗೆ ಹಂಚಿಕೆ. ಸೋತವನು ಹಾಕಿದ ದುಡ್ಡು ಹೋಯ್ತು, ಆದರೆ ಅದು ಅವನದೇ ದುಡ್ಡು.

ವಿಮಾನದ ಬೆಟ್ಟು ಹಾಗಿರಲಿಲ್ಲ. 2005ರಲ್ಲಿ ಹಾರಾಟ ಶುರುಮಾಡಿದ ಕಿಂಗ್‌ಫಿಷರ್ ಒಂದು ವರ್ಷವೂ ಲಾಭ ನೋಡಲಿಲ್ಲ. 2011ರ ಮಾರ್ಚಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು ಷೇರು ಮಾಡಿಕೊಂಡವು. ಮಾರುಕಟ್ಟೆಯಲ್ಲಿ 40 ರೂಪಾಯಿ ಆಸುಪಾಸಿದ್ದ ಷೇರಿಗೆ ಅವು ಹಿಡಿದ ಬೆಲೆ 64 ರೂ. 48 ಪೈಸೆ! ನಮ್ಮ ಅಕೌಂಟೆನ್ಸಿ ಮೇಷ್ಟ್ರು ಇದನ್ನ ನೋಡಿದ್ರೆ ಪೇಪರ್ ಹರಿದು ಹಾಕ್ತಿದ್ರು. ಸಾಲಕ್ಕೆ ಅಡ ಇಟ್ಟವುಗಳಲ್ಲಿ ‘ಕಿಂಗ್‌ಫಿಷರ್’ ಅನ್ನೋ ಬ್ರ್ಯಾಂಡೂ ಇತ್ತು. ಒಂದು ಕಾಲದಲ್ಲಿ ಅದಕ್ಕೆ ಕಟ್ಟಿದ್ದ ಬೆಲೆ 4 ಸಾವಿರ ಕೋಟಿಗೂ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಹರಾಜಿಗಿಟ್ಟಾಗ ಕನಿಷ್ಠ ಬೆಲೆ 366.70 ಕೋಟಿ. ಒಬ್ಬನೂ ಕೂಗಲಿಲ್ಲ.

ಅಷ್ಟರಲ್ಲಿ ಮಲ್ಯ ಲಂಡನ್ನಿನಲ್ಲಿದ್ದರು, ಆ ಮಾರ್ಚ್ 2ರಂದೇ ದೇಶ ಬಿಟ್ಟಿದ್ದರು. 2017ರಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿ ಮತ್ತು ಬಡ್ಡಿ ವಸೂಲಿಗೆ ಆದೇಶಿಸಿತು. 2019ರ ಜನವರಿಯಲ್ಲಿ ಅವರನ್ನು ಪಲಾಯನಗೈದ ಆರ್ಥಿಕ ಅಪರಾಧಿ ಎಂದು ಘೋಷಿಸಲಾಯಿತು. 2024ರ ಡಿಸೆಂಬರಲ್ಲಿ, 14 ಸಾವಿರ ಕೋಟಿಗೂ ಹೆಚ್ಚು ಬ್ಯಾಂಕುಗಳಿಗೆ ವಾಪಸಾಗಿದೆ ಎಂದು ಹಣಕಾಸು ಸಚಿವೆ ಸಂಸತ್ತಿಗೆ ಹೇಳಿದರು. ‘ಕೊಡಬೇಕಾದ್ದಕ್ಕಿಂತ ಹೆಚ್ಚು ಕಿತ್ತುಕೊಂಡಿರಿ’ ಅನ್ನೋದು ಮಲ್ಯ ವಾದ. ಬಡ್ಡಿ ಲೆಕ್ಕ ನೋಡದೆ ಆ ವಾದವನ್ನ ಪೂರ್ತಿ ತಳ್ಳಿಹಾಕೋಕೆ ನಾನು ತಯಾರಿಲ್ಲ.

ಆದರೆ ಬ್ಯಾಂಕುಗಳ ಈ ಲೆಕ್ಕದಲ್ಲಿ 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ಪೈಲಟ್ಟು, ಎಂಜಿನಿಯರು, ಗ್ರೌಂಡ್ ಸ್ಟಾಫ್ ಇಲ್ಲ. ಅವರು ಮುಷ್ಕರ ಹೂಡಿದ ಅಕ್ಟೋಬರಲ್ಲೇ ಕಂಪನಿಯ ವಿಮಾನಗಳು ನೆಲಕ್ಕೆ ಕೂತವು. ಅವರು ಯಾವ ಕುದುರೆಗೂ ದುಡ್ಡು ಕಟ್ಟಿರಲಿಲ್ಲ.

ಮುಂದಿನ ವಾರ ರೇಸ್ ಕೋರ್ಸಿನ ಒಳಗಡೆಯಿಂದಲೇ ಮಾತಾಡ್ತೀನಿ. ಸಿಗೋಣ.